ತಿಮ್ಮಿ ಏಳು, ತಿಮ್ಮಿ ಎಂಟು

ದಿನಕರನ ವಿಷಯ ಬರೆಯಲು ಕೂತರೆ ನನಗೆ ಮೊದಲು ಬರುವುದು ಸಿಟ್ಟು. ಅವನ ಮೇಲೆ, ಆ ಕಪ್ಪು ಪರದೆಯ ಕಂಪ್ಯೂಟರಿನ ಮೇಲೆ, ಅರ್ಜಿ ಹಿಡಿದು ಹೋದವರನ್ನು ಬಾಗಿಲಲ್ಲೇ ನಿಲ್ಲಿಸಿದ ಆ ಕಚೇರಿಯ ಮೇಲೆ, ಕಡೆಗೆ ನನ್ನ ಮೇಲೆ. ಎಂಟು ವರ್ಷವಾಯಿತು, ಇನ್ನೂ ಇಳಿದಿಲ್ಲ. ಹಾಗಾಗಿ ಇದರಲ್ಲಿ ದಿನಕರನ ಗುಣಗಾನ ಸಿಗದಿದ್ದರೆ ಓದುವವರು ಬೇಜಾರು ಮಾಡಿಕೊಳ್ಳಬಾರದು. ಅವನು ಒಳ್ಳೆಯವನು ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ. ಮತ್ತೆ ಹೇಳುವಷ್ಟು ತಾಳ್ಮೆ ನನಗಿಲ್ಲ.

ಹೊನ್ನಾವರದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ. ಅದರ ಅರ್ಧ ಭಾಗದಲ್ಲಿ ದಿನಕರ ಟೈಪಿಂಗ್ ಮಾಡುತ್ತಿದ್ದ. ಅವನ ಮನೆ ಶರಾವತಿ ಸಮುದ್ರ ಸೇರುವಲ್ಲಿ, ಹೊಳೆಯ ಆಚೆ ದಡದ ಹೊಯ್ಗೆಕೇರಿಯಲ್ಲಿ. ಅಪ್ಪ, ಅಣ್ಣ, ಮಾವಂದಿರು ಎಲ್ಲ ದೋಣಿಯವರು. ದಿನಕರನಿಗೆ ಮಾತ್ರ ದೋಣಿ ಹತ್ತಿದರೆ ಹೊಟ್ಟೆ ತೊಳಸುತ್ತಿತ್ತು. ಸಮುದ್ರದ ಮಾತು ಹಾಗಿರಲಿ, ಹೊಳೆ ದಾಟುವುದರೊಳಗೆ ಎರಡು ಸಲ ವಾಂತಿ. ಅವನು ದಡ ಹತ್ತಿದ ಕೂಡಲೇ ಕೇರಿಯ ಹೆಂಗಸರು "ಬಸುರಿ ಬಂದ" ಎಂದು ಚೇಷ್ಟೆ ಮಾಡುತ್ತಿದ್ದರಂತೆ. ಅದನ್ನು ಕೇಳಲಾರದೆ ಅವನು ಕುಮಟೆಗೆ ಹೋಗಿ ಕನ್ನಡ ಟೈಪಿಂಗ್ ಕಲಿತು ಬಂದ. ಟೈಪಿಂಗಿನಲ್ಲೂ ಅವನದೊಂದು ಕ್ರಮ ಇತ್ತು. ಅರ್ಜಿ ಬರೆಸಿದವರ ಎದುರು ಅದನ್ನು ಗಟ್ಟಿಯಾಗಿ ಓದಿ, "ಇದೇ ಅಲ್ದಾ ನೀ ಹೇಳಿದ್ದು?" ಎಂದು ಕೇಳಿ, ಅವರು ತಲೆಯಾಡಿಸಿದ ಮೇಲೇ ಕಾಗದ ಬಿಡುತ್ತಿದ್ದ. ಒಂದು ಅರ್ಜಿಗೆ ಅರ್ಧ ಗಂಟೆ. ನನ್ನ ಗಿರಾಕಿಗಳಿಗೆ ನಿಲ್ಲಲು ಜಾಗ ಇರುತ್ತಿರಲಿಲ್ಲ.

ತೊಂಬತ್ತೇಳರಲ್ಲಿ ನಾವಿಬ್ಬರೂ ಸೇರಿ ಒಂದು ಹಳೆಯ ಕಂಪ್ಯೂಟರ್ ತಂದೆವು. ಮಾರಿದವನು ಕುಮಟೆಯ ನಿತ್ಯಾನಂದ, ರಿಪೇರಿ ಮಾಡುವವನೂ ಅವನೇ. ಅದರಲ್ಲಿ ಚಿತ್ರ ಇಲ್ಲ, ಬಣ್ಣ ಇಲ್ಲ, ಒತ್ತಲು ಮೌಸ್ ಎಂಬ ಇಲಿಯೂ ಇಲ್ಲ. ಕಪ್ಪು ಪರದೆಯ ಮೇಲೆ ಒಂದು ಬಿಳಿ ಗೆರೆ ಮಿಣಕ್ ಮಿಣಕ್ ಎನ್ನುತ್ತ ಕಾಯುತ್ತಿರುತ್ತದೆ. ನೀವು ಇಂಗ್ಲಿಷಿನಲ್ಲಿ ಆಜ್ಞೆ ಟೈಪ್ ಮಾಡಬೇಕು. ಒಂದು ಅಕ್ಷರ ತಪ್ಪಿದರೆ "ಬ್ಯಾಡ್ ಕಮಾಂಡ್" ಎನ್ನುತ್ತದೆ. ತಪ್ಪದೆ ಬರೆದರೆ ಏನೂ ಎನ್ನುವುದಿಲ್ಲ, ಸುಮ್ಮನೆ ಮಾಡಿ ಮುಗಿಸುತ್ತದೆ. ನೀವು ಬರೆದದ್ದು ಸರಿಯೋ, ನಿಮ್ಮ ಮನೆ ಹಾಳು ಮಾಡುವಂಥದ್ದೋ ಎಂದು ಅದು ನೋಡುವುದಿಲ್ಲ. ಇಂಥ ಯಜಮಾನನ ಕೈಕೆಳಗೆ ನಾನು ಒಂದು ದಿನವೂ ಇರುತ್ತಿರಲಿಲ್ಲ. ದಿನಕರನಿಗೆ ಅದು ಹಿಡಿಸಿತು. "ಇದು ಅಲ್ಲಾಡೂದಿಲ್ಲ, ರಮಾನಂದಣ್ಣ" ಎಂದ.

ಮಾರನೆಯ ವರ್ಷ ದೊಡ್ಡ ಕೆಲಸ ಬಂತು. ಹಿಂದಿನೆರಡು ಮಳೆಗಾಲಗಳಲ್ಲಿ ಕಡಲು ಏರಿ ಹೊಯ್ಗೆಕೇರಿಯಲ್ಲೂ ಅಕ್ಕಪಕ್ಕದ ಕೇರಿಗಳಲ್ಲೂ ಮನೆಗಳನ್ನು ತಿಂದುಹಾಕಿತ್ತು. ಮನೆ ಹೋದವರಿಗೆ ಎತ್ತರದ ಜಾಗದಲ್ಲಿ ಸೈಟು ಕೊಡುವುದೆಂದು ತೀರ್ಮಾನವಾಗಿತ್ತು. ಒಂದು ಕಚೇರಿಯವರು, ಹೆಸರು ಬೇಡ, ಕೈಬರಹದ ಫಾರ್ಮುಗಳ ಕಟ್ಟು ತಂದು ನಮ್ಮ ಮೇಜಿನ ಮೇಲೆ ಒಗೆದರು. ಒಬ್ಬೊಬ್ಬರಿಗೆ ಒಂದೊಂದು ಫೈಲು ಮಾಡಬೇಕು, ಕೊನೆಗೆ ಎಲ್ಲ ಸೇರಿಸಿ ಪಟ್ಟಿ ಅಚ್ಚು ಹಾಕಿ ಕೊಡಬೇಕು. ಪಟ್ಟಿಯಲ್ಲಿ ಹೆಸರಿದ್ದವರಿಗೆ ಸೈಟು, ಇಲ್ಲದವರಿಗೆ ಇಲ್ಲ.

ಪಟ್ಟಿಯಲ್ಲಿ ಬರಬೇಕಾದವರಲ್ಲಿ ತಿಮ್ಮಿ ಒಬ್ಬಳು. ಹೊಯ್ಗೆಕೇರಿಯ ಗಾಳಿಮರಗಳ ಬುಡದಲ್ಲಿ ಅವಳ ಮನೆ ಇದ್ದದ್ದರಿಂದ ಊರಿಗೆ ಅವಳು ಗಾಳಿ ತಿಮ್ಮಿ. ಗಂಡ ಬೊಮ್ಮ ತೀರಿಕೊಂಡು ಹತ್ತು ವರ್ಷವಾಗಿತ್ತು. ಮನೆ ಸಮುದ್ರದ ಪಾಲಾದ ಮೇಲೆ ತಮ್ಮ ಈರನ ಬಲೆ ಇಡುವ ಕೊಟ್ಟಿಗೆಯಲ್ಲಿ, ಬಲೆಯ ರಾಶಿಯ ಪಕ್ಕ ಮಲಗುತ್ತಿದ್ದಳು. ಈರನ ಹೆಂಡತಿಗೆ ಅದೂ ಭಾರವಾಗಿತ್ತು. ಮೀನು ಮಾರಿ ಮುಗಿದ ದಿನ ತಿಮ್ಮಿ ಬುಟ್ಟಿಯನ್ನು ನಮ್ಮ ಬಾಗಿಲಲ್ಲಿಟ್ಟು ಒಳಗೆ ಬರುತ್ತಿದ್ದಳು.

"ತಮಾ, ನನ್ನ ಹೆಸ್ರು ಒಳಗೆ ಅದ್ಯಾ?"

"ಅದೆ ತಿಮ್ಮಕ್ಕ. ಎಲ್ಲಿ ಹೋಗ್ತದೆ?"

"ಎಲ್ಲಿ, ತೋರ್ಸು."

ದಿನಕರ ಅವಳ ಫೈಲು ತೆರೆದು ತೋರಿಸುತ್ತಿದ್ದ. ಅವಳಿಗೆ ಓದು ಬಾರದು. ಗಾಜಿನ ಮೇಲೆ ಬೆರಳಿಟ್ಟು "ಇದು ನಾನಾ?" ಎನ್ನುತ್ತಿದ್ದಳು. ಅವಳು ಹೋದ ಮೇಲೆ ಪರದೆ ಒರೆಸುವ ಕೆಲಸ ನನ್ನದು. ಬಂಗಡೆಯ ವಾಸನೆ ಒಂದು ಸಲಕ್ಕೆ ಹೋಗುತ್ತಲೂ ಇರಲಿಲ್ಲ.

ಇನ್ನು ಆ ಫೈಲುಗಳ ಹೆಸರಿನ ವಿಷಯ ಹೇಳಬೇಕು, ಏಕೆಂದರೆ ಎಲ್ಲ ಕೆಟ್ಟದ್ದು ಅಲ್ಲಿಂದ. ಆ ಯಂತ್ರದಲ್ಲಿ ಫೈಲಿನ ಹೆಸರಿಗೆ ಎಂಟೇ ಅಕ್ಷರ, ಆಮೇಲೆ ಒಂದು ಚುಕ್ಕಿ, ಚುಕ್ಕಿಯ ಆಚೆ ಬಾಲದ ಹಾಗೆ ಮೂರು ಅಕ್ಷರ. ನಮ್ಮ ಸರ್ಕಾರಿ ಕಾಗದಗಳಲ್ಲಿ ಗಂಡಸಾದರೆ "ಸಣ್ಣ ಬಿನ್ ಚೌಡ", ಅಂದರೆ ಚೌಡನ ಮಗ ಸಣ್ಣ. ಹೆಂಗಸಾದರೆ "ತಿಮ್ಮಿ ಕೋಂ ಬೊಮ್ಮ", ಬೊಮ್ಮನ ಹೆಂಡತಿ ತಿಮ್ಮಿ. ಬಿನ್, ಕೋಂ, ಎರಡೂ ಇಂಗ್ಲಿಷಿನಲ್ಲಿ ಸರಿಯಾಗಿ ಮೂರು ಅಕ್ಷರ! ದಿನಕರನಿಗೆ ಇದು ಹೊಳೆದ ದಿನ ಅವನು ಊಟಕ್ಕೂ ಹೋಗಲಿಲ್ಲ. ಗಂಡಸರ ಫೈಲಿಗೆಲ್ಲ BIN ಎಂಬ ಬಾಲ, ಹೆಂಗಸರ ಫೈಲಿಗೆಲ್ಲ COM ಎಂಬ ಬಾಲ ಕಟ್ಟಿದ. ಹೆಂಗಸರೆಷ್ಟು ಎಂದು ನೋಡಬೇಕಾದರೆ ಒಂದು ಆಜ್ಞೆ ಸಾಕು, ಎಲ್ಲರೂ ಸಾಲಾಗಿ ಬಂದು ನಿಲ್ಲುತ್ತಿದ್ದರು.

"ಕೋಂಗೆ ಕೆ ಹಾಕೂದಲ್ವನಾ?" ಎಂದು ನಾನು ಕೇಳಿದ್ದೆ.

"ನಮ್ಮ ಜಿಲ್ಲೆನೇ ಸಿ ಹಾಕಿ ಕೆನರಾ ಅಂತ ಬರೀತ್ರು. ಕೋಂಗೆ ಎಂತ ಕಡ್ಮೆ?" ಎಂದ.

ಅವತ್ತು ಅವನು ನನ್ನ ಮಾತು ಕೇಳಿ ಕೆ ಹಾಕಿದ್ದರೆ ಇಷ್ಟೆಲ್ಲ ಬರೆಯುವ ಪ್ರಮೇಯವೇ ಇರಲಿಲ್ಲ.

ಒಂದೇ ಹೆಸರಿನವರು ಬಹಳ. ತಿಮ್ಮಿಯರೇ ಹನ್ನೊಂದು ಮಂದಿ. ಅದಕ್ಕೆ ಅವನು ಹೆಸರಿನ ಜೊತೆ ಅಂಕಿ ಸೇರಿಸಿದ. ಗಾಳಿ ತಿಮ್ಮಿ THIMMI7.COM ಆದಳು. ಅದೇ ಹೊಯ್ಗೆಕೇರಿಯಲ್ಲಿ ಇನ್ನೊಬ್ಬಳು ತಿಮ್ಮಿ ಇದ್ದಳು, ಅವಳ ಗಂಡನೂ ಒಬ್ಬ ಬೊಮ್ಮ, ಅವನೂ ಈಗಿಲ್ಲ. ಮಾತು ಜೋರಾದ್ದರಿಂದ ಊರಿಗೆ ಅವಳು ಬಾಯಿ ತಿಮ್ಮಿ. ಅವಳು THIMMI8.COM. "ಊರಲ್ಲಿ ಗಾಳಿ, ಬಾಯಿ. ಇಲ್ಲಿ ಏಳು, ಎಂಟು" ಎಂದು ದಿನಕರ ನನಗೆ ಹೆಮ್ಮೆಯಿಂದ ತೋರಿಸಿದ್ದ. ಇಬ್ಬರ ಫಾರ್ಮಿನಲ್ಲೂ ವಯಸ್ಸು ಅಂದಾಜು ಐವತ್ತು. ಮನೆ ನಂಬರಿನ ಜಾಗದಲ್ಲಿ ಇಬ್ಬರಿಗೂ "ಇಲ್ಲ, ಸಮುದ್ರ ಪಾಲು". ಸಹಿಯ ಜಾಗದಲ್ಲಿ ಇಬ್ಬರದೂ ಹೆಬ್ಬೆಟ್ಟು. ಫಾರ್ಮಿನ ಕಾಗದದಲ್ಲಾದರೆ ಎರಡು ಹೆಬ್ಬೆಟ್ಟು ಬೇರೆ ಬೇರೆ. ಕಂಪ್ಯೂಟರಿನಲ್ಲಿ "ಹೆಬ್ಬೆಟ್ಟು" ಎಂದು ಟೈಪ್ ಮಾಡಿದರೆ ಅದು ಯಾರದಾದರೂ ಒಂದೇ.

ಟೈಪಿಂಗ್ ಮುಗಿಯಿತು. ಫಾರ್ಮಿನ ಕಟ್ಟನ್ನು ಕಚೇರಿಯವರು ವಾಪಸು ಒಯ್ದರು. ಪಟ್ಟಿ ಅಚ್ಚು ಹಾಕಿ ಸೋಮವಾರ ಮಧ್ಯಾಹ್ನದೊಳಗೆ ಕೊಡುವುದೆಂದಾಯಿತು. ಅದರ ಹಿಂದಿನ ಗುರುವಾರ ಗಾಳಿ ತಿಮ್ಮಿ ಬಂದು ಎಂದಿನಂತೆ "ತೋರ್ಸು" ಎಂದಳು. ದಿನಕರ ಬೇರೆ ಗಿರಾಕಿಯ ಜೊತೆ ಮಾತಾಡುತ್ತ, ಫೈಲು ತೆರೆಯುವ ಆಜ್ಞೆ ಬಿಟ್ಟು ಬರೀ THIMMI7 ಎಂದು ಟೈಪ್ ಮಾಡಿ ಒತ್ತಿದ. ಯಂತ್ರ ಕುಂಯ್ ಎಂದು ಕೂಗಿ ನಿಂತುಬಿಟ್ಟಿತು. ಏನು ಒತ್ತಿದರೂ ಅಲ್ಲಾಡಲಿಲ್ಲ.

"ಎಂತ ಆತು?" ಎಂದಳು ತಿಮ್ಮಿ.

"ನಿನ್ನ ಹೆಸ್ರು ಕೇಳಿ ಹೆದ್ರತು" ಎಂದೆ ನಾನು. ಅವಳು ನಕ್ಕಳು. ದಿನಕರ ನಗಲಿಲ್ಲ.

ಕುಮಟೆಗೆ ಫೋನು ಮಾಡಿದರೆ ನಿತ್ಯಾನಂದ ಆ ಕಡೆಯಿಂದ ಬೈದ. COM ಬಾಲ ಇದ್ದರೆ ಆ ಯಂತ್ರಕ್ಕೆ ಅದು ಕಾಗದ ಅಲ್ಲವಂತೆ, ನಡೆಸಬೇಕಾದ ಪ್ರೋಗ್ರಾಮಂತೆ. "ನೀ ತಿಮ್ಮಿ ಅಂತ ಬರೆದ್ರೆ ಅದು ತಿಮ್ಮಿನ ಓಡ್ಸೂಕೆ ನೋಡ್ತದೆ ಮಾರಾಯ. ವೈರಸ್ ಬಂದ್ರೂ ಮೊದ್ಲು ಕೂತ್ಕಂಬುದು ಅದ್ರಲ್ಲೇ. ಮೊದ್ಲು ಆ ಬಾಲ ಕತ್ತರ್ಸು" ಎಂದ. ಆಮೇಲೆ ಕ್ರಮ ಹೇಳಿದ. ಮೊದಲು KOM ಎಂಬ ಹೊಸ ಡೈರೆಕ್ಟರಿ ಮಾಡು, ಅಂದರೆ ಒಂದು ಖಾಲಿ ಕೋಣೆ ಕಟ್ಟು. ಹೆಂಗಸರ ಫೈಲುಗಳನ್ನೆಲ್ಲ ಅದರೊಳಗೆ ಕಾಪಿ ಮಾಡು. ಹೊರಗಿರುವ ಹಳೆಯದನ್ನು ಅಳಿಸು. ಕೋಣೆಯೊಳಗೆ ಹೋಗಿ ಎಲ್ಲದರ ಬಾಲ ಬದಲಿಸು. ದಿನಕರ ಒಂದೊಂದನ್ನೂ ನನ್ನ ಹಾಳಾದ ಝೆರಾಕ್ಸ್ ಕಾಗದದ ಹಿಂದೆ ಬರೆದುಕೊಂಡ.

ಕೋಣೆ ಕಟ್ಟಿದ, ಆದರೆ ಕಟ್ಟಿದ್ದು ಹೊರಗಿನ ಅಂಗಳದಲ್ಲಿ, ಅಂದರೆ ಯಂತ್ರ ಹೊತ್ತಿಸಿದ ಕೂಡಲೇ ಸಿಗುವ ಮೊದಲ ಡೈರೆಕ್ಟರಿಯಲ್ಲಿ. ಫೈಲುಗಳಿದ್ದದ್ದು ಹೊಯ್ಗೆಕೇರಿಯ ಹೆಸರಿನ ಇನ್ನೊಂದು ಡೈರೆಕ್ಟರಿಯಲ್ಲಿ. ಅಲ್ಲಿಗೆ ಹೋಗಿ COPY *.COM KOM ಎಂದು ಕೊಟ್ಟ, ಅಂದರೆ COM ಬಾಲದವರೆಲ್ಲ KOM ಕೋಣೆಗೆ. ಅಲ್ಲಿ KOM ಎಂಬ ಕೋಣೆ ಇರಲಿಲ್ಲ. ಇಲ್ಲ ಎಂದು ಹೇಳುವ ಸೌಜನ್ಯ ಆ ಯಂತ್ರಕ್ಕಿರಲಿಲ್ಲ. ಕೋಣೆ ಇಲ್ಲದಿದ್ದರೆ KOM ಎಂಬುದು ಒಂದು ಫೈಲಿನ ಹೆಸರಿರಬೇಕು ಎಂದು ತಾನೇ ತಿಳಿದು, ಎಲ್ಲ ಹೆಂಗಸರನ್ನೂ ಒಬ್ಬರ ಹಿಂದೆ ಒಬ್ಬರಂತೆ ಆ ಒಂದೇ ಫೈಲಿಗೆ ತುಂಬಿತು. ಪರದೆಯ ಮೇಲೆ ಬಂಗಾರಿ, ಸಣ್ಣಿ, ತಿಮ್ಮಿ ಎಲ್ಲರ ಹೆಸರೂ ಓಡಿದವು. ಕಡೆಗೆ "1 file(s) copied" ಎಂದು ಬಂತು. ನೂರಕ್ಕಿಂತ ಹೆಚ್ಚು ಹೆಸರು ಓಡಿ ಒಂದು ಫೈಲು ಎಂದರೆ ಏನು ಎಂದು ಅವನು ಯೋಚಿಸಬೇಕಿತ್ತು. ಹೆಸರುಗಳು ಓಡಿದ್ದನ್ನು ನೋಡಿ ನೆಮ್ಮದಿಯಾಗಿ, ಮುಂದಿನ ಸಾಲಿನಂತೆ DEL *.COM ಎಂದು ಕೊಟ್ಟ. ಯಂತ್ರ ಏನೂ ಎನ್ನಲಿಲ್ಲ. ಮಾಡಿ ಮುಗಿಸಿತು.

ಕೋಣೆಯೊಳಗೆ ಹೋಗಲು ನೋಡಿದಾಗ "ಅಂಥ ಡೈರೆಕ್ಟರಿ ಇಲ್ಲ" ಎಂದಿತು. ಆಗ ಹೇಳಿತು, ಎಲ್ಲ ಆದ ಮೇಲೆ.

ದಿನಕರ ಕುರ್ಚಿಯಲ್ಲಿ ಹಾಗೇ ಕೂತ. ನಾನು ಹೋಗಿ ನೋಡಿದೆ. ನಿತ್ಯಾನಂದನಿಗೆ ಫೋನು ಮಾಡಿದರೆ ಅವನು ಆಗಷ್ಟೇ ಭಟ್ಕಳಕ್ಕೆ ಹೊರಟ, ಸೋಮವಾರದವರೆಗೆ ಬರುವುದಿಲ್ಲ ಎಂದು ಮನೆಯವರು ಹೇಳಿದರು. ಹಿಂದಿನ ತಿಂಗಳು ಫ್ಲಾಪಿಯಲ್ಲಿ ತೆಗೆದಿಟ್ಟದ್ದು ಇತ್ತು. ಹಾಕಿದರೆ ಗರಗರ ಎಂದು ತಿರುಗಿ ಓದಲಾಗುವುದಿಲ್ಲ ಎಂದಿತು. ತೆಗೆದು ನೋಡಿದರೆ ಒಳಗಿನ ತಟ್ಟೆಯ ಮೇಲೆ ಬೂಷ್ಟು. ಒರೆಸಿ ಹಾಕಿದೆ, ಊದಿ ಹಾಕಿದೆ, ಬಿಸಿಲಿಗಿಟ್ಟು ಹಾಕಿದೆ. ಸಿಟ್ಟಿನಿಂದ ಅದನ್ನು ರಸ್ತೆಗೆ ಎಸೆದೆ. ಕಚೇರಿಗೆ ಹೋಗಿ ಫಾರ್ಮಿನ ಕಟ್ಟು ಇನ್ನೊಮ್ಮೆ ಕೊಡಿ ಎಂದರೆ, ಅದು ಕಾರವಾರಕ್ಕೆ ಹೋಗಿಯಾಯಿತು ಎಂದರು.

ಉಳಿದದ್ದು ಒಂದೇ ದಾರಿ. ಆ ಒಂದು ದೊಡ್ಡ ಫೈಲನ್ನು ತೆರೆದು, ಹೆಂಗಸರನ್ನು ಒಬ್ಬೊಬ್ಬರಾಗಿ ಬಿಡಿಸಿ, ಬೇರೆ ಬೇರೆ ಹೆಸರು ಕೊಟ್ಟು ಇಡುವುದು. ಬರಹ ಎಲ್ಲ ಒಳಗೇ ಇತ್ತು. ಇಲ್ಲದ್ದು ಫೈಲಿನ ಹೆಸರು. ಈ ಹಾಳು ಸಂಗತಿ ನನಗೆ ಗೊತ್ತಾದದ್ದು ಆಗಲೇ: ಫೈಲಿನ ಹೆಸರು ಫೈಲಿನ ಒಳಗಿರುವುದಿಲ್ಲ, ಹೊರಗಿರುತ್ತದೆ. ಏಳು, ಎಂಟು ಎಂದು ಅವನು ಕೊಟ್ಟ ಅಂಕಿಗಳೆಲ್ಲ ಹಳೆಯ ಫೈಲುಗಳ ಜೊತೆ ಹೋಗಿದ್ದವು. ಒಟ್ಟು ಎಷ್ಟು ಹೆಂಗಸರಿದ್ದರು ಎಂದು ಒಂದು ಚೀಟಿಯಲ್ಲಾದರೂ ಬರೆದಿಟ್ಟಿದ್ದನೇ ಎಂದರೆ, ಅದೂ ಇಲ್ಲ. ಯಾವಾಗ ಕೇಳಿದರೂ ಯಂತ್ರ ಹೇಳುತ್ತದಲ್ಲ ಎಂಬ ಧೈರ್ಯ.

ಶುಕ್ರವಾರ, ಶನಿವಾರ ಕರೆಂಟು ಹೋಗುತ್ತ ಬರುತ್ತ ಇತ್ತು. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಮುಕ್ಕಾಲು ಮುಗಿದಿತ್ತು. ಬಿಡಿಸುವಾಗ ಕೆಲವರು ಎರಡೆರಡು ಸಲ ಬಂದರು. ಬಂಗಾರಿ ಕೋಂ ಚೌಡ ಎರಡು ಸಲ ಇದ್ದಳು. ಅದು ದಿನಕರನಿಗೆ ನೆನಪಿತ್ತು. ಹಿಂದೆ ಫಾರ್ಮು ಟೈಪ್ ಮಾಡುವಾಗ ಕರೆಂಟು ಹೋದ ಒಂದು ದಿನ, ಉಳಿದಿಲ್ಲ ಎಂದು ತಿಳಿದು ಮತ್ತೊಮ್ಮೆ ಟೈಪ್ ಮಾಡಿದ್ದ. ಅದನ್ನು ಅಳಿಸಿದ. ಹೀಗೆ ನಾಲ್ಕು ಸಿಕ್ಕವು, ನಾಲ್ಕನ್ನೂ ಅಳಿಸಿದ. ಆಮೇಲೆ ತಿಮ್ಮಿ ಕೋಂ ಬೊಮ್ಮ, ಹೊಯ್ಗೆಕೇರಿ, ಅಂದಾಜು ಐವತ್ತು, ಮನೆ ನಂಬರ್ ಇಲ್ಲ, ಹೆಬ್ಬೆಟ್ಟು. ಅದರ ಬೆನ್ನಿಗೆ ಮತ್ತೆ ತಿಮ್ಮಿ ಕೋಂ ಬೊಮ್ಮ, ಹೊಯ್ಗೆಕೇರಿ, ಅಂದಾಜು ಐವತ್ತು. ಅಕ್ಷರಕ್ಕೆ ಅಕ್ಷರ ಒಂದೇ.

ನಾನು ಅವನ ಹಿಂದೆ ನಿಂತು ಓದುತ್ತಿದ್ದೆ. ನನಗೆ ಹಸಿವಾಗಿತ್ತು, ಬೇಸರ ಬಂದಿತ್ತು. "ಇದೂ ಎರಡು ಸಲ ಬಂದದೆ. ಅಳ್ಸು, ಮುಂದೆ ಹೋಗು" ಎಂದೆ. ಅವನು ಅಳಿಸಿದ. ಒಂದು ಗಳಿಗೆ ಕೈ ನಿಲ್ಲಿಸಿದನೋ ಎಂದು ಈಗ ಎಷ್ಟು ನೆನೆದರೂ ನೆನಪಾಗುವುದಿಲ್ಲ. ನಿಲ್ಲಿಸಲಿಲ್ಲ ಎಂದೇ ತೋರುತ್ತದೆ.

ಸೋಮವಾರ ಹನ್ನೊಂದೂವರೆಗೆ ಪಟ್ಟಿ ಕೊಟ್ಟೆವು. ಮಧ್ಯಾಹ್ನ ನಿತ್ಯಾನಂದ ಬಂದ. ಎಲ್ಲ ಕೇಳಿ ತಲೆ ಚಚ್ಚಿಕೊಂಡ. "ಅಳಿಸಿದ್ದನ್ನ ಅವತ್ತೇ ವಾಪಸ್ ತರ್ಸೂಕೆ ಒಂದು ಆಜ್ಞೆ ಅದೆ. ಯಂತ್ರ ಬಂದ್ ಮಾಡಿ ಸುಮ್ನೆ ಕೂತಿದ್ರೆ ಆಗಿತ್ತು. ನೀವು ಮೂರು ದಿನ ಅದರ ಮೇಲೇ ಬರೆದ್ರಿ" ಎಂದ. ಕಷ್ಟಪಟ್ಟು ಮಾಡಿದ ಕೆಲಸವೇ ಉಳಿದ ದಾರಿಯನ್ನೂ ಮುಚ್ಚಿತ್ತು. ನಾನು ಅವನಿಗೆ ಚಹಾ ಸಹ ತರಿಸಲಿಲ್ಲ.

ಹದಿನೈದು ದಿನಕ್ಕೆ ಕಚೇರಿಯ ಗೋಡೆಗೆ ಪಟ್ಟಿ ಅಂಟಿಸಿದರು. ಓದಿ ಹೇಳಿದವರು ಬಾಯಿ ತಿಮ್ಮಿಗೆ "ನಿಂದು ಬಂದದೆ" ಎಂದರು. ಗಾಳಿ ತಿಮ್ಮಿಗೂ "ನಿಂದು ಬಂದದೆ" ಎಂದರು. ಇಬ್ಬರೂ ನೋಡಿದ್ದು ಒಂದೇ ಸಾಲು. ದಿನಕರ ಅದನ್ನು ಕೇಳಿದ ದಿನ ಮುಖ ಬೂದಿಯಾಗಿ ಅಂಗಡಿಗೆ ಬಂದ. ತನ್ನದೇ ತಪ್ಪು, ಇಬ್ಬರು ತಿಮ್ಮಿಯರಿದ್ದಾರೆ ಎಂದು ಅರ್ಜಿ ಟೈಪ್ ಮಾಡಿ ಕಚೇರಿಗೆ ಒಯ್ದ. ಐದು ಸಲ ಒಯ್ದ. ಒಮ್ಮೆ ಸಾಹೇಬರಿಲ್ಲ, ಒಮ್ಮೆ ಊಟದ ಹೊತ್ತು, ಒಮ್ಮೆ ಕಾರವಾರದಿಂದ ಫಾರ್ಮು ತರಿಸಲು ಬರುವುದಿಲ್ಲ, ಒಮ್ಮೆ ಅರ್ಜಿ ತಿಮ್ಮಿಯೇ ಕೊಡಬೇಕು, ತಿಮ್ಮಿ ಕೊಟ್ಟರೆ ಯಾವ ತಿಮ್ಮಿ ಎಂದು ದಾಖಲೆ ಬೇಕು. ಕಡೆಯ ಸಲ ಗುಮಾಸ್ತ, "ಕಂಪ್ಯೂಟರ್ ಪಟ್ಟಿ ಆದ ಮೇಲೆ ಬದಲಿಲ್ಲ. ಕಂಪ್ಯೂಟರ್ ತಪ್ಪು ಮಾಡೂದಿಲ್ಲ" ಎಂದ. ಪಟ್ಟಿ ಮಾಡಿದವನೇ ಎದುರು ನಿಂತು ತಪ್ಪಾಗಿದೆ ಎನ್ನುತ್ತಿದ್ದಾನೆ!

ಸೈಟು ಹಂಚುವ ದಿನ ಕಚೇರಿಯ ಹಾಲಿನಲ್ಲಿ ಎಲ್ಲರನ್ನೂ ಕೂರಿಸಿ ಹೆಸರು ಕರೆದರು. "ತಿಮ್ಮಿ ಕೋಂ ಬೊಮ್ಮ, ಹೊಯ್ಗೆಕೇರಿ" ಎಂದಾಗ ಇಬ್ಬರೂ ಎದ್ದು ನಿಂತರು. ಅಧಿಕಾರಿ ಕನ್ನಡಕ ತೆಗೆದು ನೋಡಿದ. ಬಾಗಿಲಲ್ಲಿ ನಿಂತಿದ್ದ ದಿನಕರನನ್ನು ಕರೆಸಿ, "ನೀವು ಟೈಪ್ ಮಾಡಿದ್ದು ಇವರಲ್ಲಿ ಯಾರದ್ದು?" ಎಂದು ಕೇಳಿದ.

"ಇಬ್ರದ್ದೂ ಮಾಡಿದ್ದೆ ಸರ್."

"ಇರುವುದು ಒಂದು ಹೆಸರು. ಉಳಿಸಿದ್ದು ಯಾರದ್ದು?"

ದಿನಕರ ಇಬ್ಬರ ಮುಖವನ್ನೂ ನೋಡಿದ. "ಗೊತ್ತಿಲ್ಲ ಸರ್" ಎಂದ. ಅದು ನಿಜ. ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗುವ ಹಾಗೂ ಇರಲಿಲ್ಲ.

"ಹಾಗಾದರೆ ಇದನ್ನು ರದ್ದು ಮಾಡುತ್ತೇನೆ. ಇಲ್ಲ, ಒಬ್ಬರು ಕೂತುಕೊಳ್ಳಿ" ಎಂದ ಅಧಿಕಾರಿ.

ಎಂದೂ ಸುಮ್ಮನಿರದ ಬಾಯಿ ತಿಮ್ಮಿ ಸುಮ್ಮನೆ ನಿಂತಿದ್ದಳು. ಅವಳಿಗೆ ಗಂಡ ಬಿಟ್ಟ ಮಗಳು, ಮೂರು ಮೊಮ್ಮಕ್ಕಳು. ಗಾಳಿ ತಿಮ್ಮಿ ಅವಳನ್ನೇ ನೋಡಿದಳು. "ನಿಂಗೇ ಇರ್ಲಿ ಮಾರಾಯ್ತಿ. ನಂಗಾದ್ರೆ ಒಂದು ಚಾಪೆ ಸಾಕು" ಎಂದು ದಡಕ್ಕನೆ ಕೂತಳು. ತ್ಯಾಗ ಮಾಡಿದವರ ಮುಖ ಅಲ್ಲ ಅದು. ಕೋಪದಲ್ಲಿ ಅವಳ ಗದ್ದ ನಡುಗುತ್ತಿತ್ತು. ಅಧಿಕಾರಿ ಮುಂದಿನ ಹೆಸರು ಕರೆದ.

ಹೊರಗೆ ಮೆಟ್ಟಿಲ ಮೇಲೆ ದಿನಕರ ಅವಳ ಹತ್ತಿರ ಹೋಗಿ, ತಪ್ಪಾಯಿತೆಂದ. ನಾನು ಪಕ್ಕದಲ್ಲೇ ಇದ್ದೆ. ಕೋಣೆ ಕಟ್ಟಿದ ಜಾಗ ತಪ್ಪಿದ್ದು, ಎಲ್ಲ ಫೈಲೂ ಒಂದಾದದ್ದು, ಅಂಕಿ ಹೋದದ್ದು, ಎರಡೂ ಅಕ್ಷರಕ್ಕೆ ಅಕ್ಷರ ಒಂದೇ ಇದ್ದದ್ದು, ಎಲ್ಲವನ್ನೂ ಬಿಡಿಸಿ ಹೇಳಿದ. ಅವಳು ಪೂರ್ತಿ ಕೇಳಿದಳು.

"ಆತು. ಆ ಮಿಷಿನ್ನಿಗೆ ನಾವಿಬ್ರೂ ಒಬ್ಳೇ ಆದ್ವು. ಅದಕ್ಕೆಂತ ಗೊತ್ತು" ಎಂದಳು. "ನೀ ಸಣ್ಣಿರುವಾಗ ನನ್ನ ಮನೇಲಿ ಗಂಜಿ ಉಂಡು ಅವಳ ಮನೇಲಿ ಮಲಗ್ತಿದ್ದೆ. ನಿಂಗೆ ನಾವು ಒಬ್ಳೇ ಹೆಂಗಾದ್ವು ತಮಾ?"

ಅಳಿಸು ಎಂದವನು ನಾನು ಎಂದು ಹೇಳಬೇಕೆಂದು ಬಾಯಿ ತೆರೆದೆ, ಆದರೆ ಅವಳು ಕೇಳಿದ್ದು ನನ್ನನ್ನಲ್ಲ. ಅವಳು ಬುಟ್ಟಿ ತಲೆಗೇರಿಸಿಕೊಂಡು, ಈರನ ಕೊಟ್ಟಿಗೆಗೆ ಹೋಗಲು ಹೊಳೆಯ ಕಡೆ ನಡೆದಳು.